ಬಿತ್ತನೆ ಭತ್ತ ನಿರ್ಜೀವ ವಸ್ತುವೇ?

ಮಾನ್ಯ ಸಂಪಾದಕರೇ,

ನಿಮ್ಮ ಮಕ್ಕಳ ಪುಟದಲ್ಲಿ ಕಳೆದ ವಾರ ಜೀವಿಗಳು ಮತ್ತು ನಿರ್ಜೀವ ವಸ್ತುಗಳ ಪಟ್ಟಿ ಬಂದಿತ್ತು. ಎಡಗಡೆ ಹಸು, ಮೀನು, ಮಾವಿನ ಮರ, ಮನುಷ್ಯ. ಬಲಗಡೆ ಕಲ್ಲು, ನೀರು, ಬಸ್ಸು, ಕುರ್ಚಿ, ಕೊನೆಗೆ ಭತ್ತದ ಕಾಳು. ಜೀವಿಗಳು ಚಲಿಸುತ್ತವೆ, ಬೆಳೆಯುತ್ತವೆ, ತಿನ್ನುತ್ತವೆ, ಉಸಿರಾಡುತ್ತವೆ, ಮರಿ ಮಾಡುತ್ತವೆ, ನಿರ್ಜೀವ ವಸ್ತುಗಳು ಇದ್ಯಾವುದನ್ನೂ ಮಾಡುವುದಿಲ್ಲ ಎಂದು ಕೆಳಗೆ ವಿವರಣೆ. ಭತ್ತದ ವಿಷಯ ಸರಿಪಡಿಸಿ ಎಂದು ಯಾರಾದರೂ ಬರೆಯುತ್ತಾರೆ ಅಂದುಕೊಂಡಿದ್ದೆ. ಬರೆದವರು ಒಬ್ಬರೇ, ಅದೂ ಪಟ್ಟಿಯ ಪರವಾಗಿ. ಬಿತ್ತುವ ತನಕ ಬೀಜ ನಿರ್ಜೀವ, ಮಣ್ಣು ನೀರು ಸಿಕ್ಕ ಮೇಲೆ ಅದಕ್ಕೆ ಜೀವ ಬರುತ್ತದೆ ಎಂಬುದು ಅವರ ವಾದ.

ನಾನು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಡಿಕೆ ಮತ್ತು ಕಾಳುಮೆಣಸಿನ ಸಸಿ ಬೆಳೆಸಿ ಮಾರುವವಳು. ಓದಿದ್ದು ಪಿಯುಸಿ ವಿಜ್ಞಾನ. ಆಮೇಲಿನದ್ದೆಲ್ಲ ತರಬೇತಿ ಶಿಬಿರ, ಲೈಬ್ರರಿ ಪುಸ್ತಕ ಮತ್ತು ನರ್ಸರಿಯ ಕೆಲಸದಿಂದ ತಿಳಿದದ್ದು. ಬೀಜಕ್ಕೆ ಜೀವ ಇದೆಯೋ ಇಲ್ಲವೋ ಅನ್ನುವುದರ ಮೇಲೆಯೇ ನಮ್ಮ ಮನೆಯ ಖರ್ಚು ನಡೆಯುತ್ತದೆ. ಹಾಗಾಗಿ ಸುಮ್ನೆ ಇರಲು ಆಗಲಿಲ್ಲ.

ಆ ಓದುಗರಿಗೆ ನನ್ನದೊಂದು ಪ್ರಶ್ನೆ. ಜೀವ ಹೊರಗಿನಿಂದ ಬರುವುದಾದರೆ, ಕುಚ್ಚಲಕ್ಕಿ ಮಾಡಲು ಬೇಯಿಸಿ ಒಣಗಿಸಿದ ಭತ್ತಕ್ಕೂ ಬರಬೇಕಲ್ವಾ? ಬಿತ್ತನೆ ಭತ್ತ ಒಂದು ಹಿಡಿ, ಬೇಯಿಸಿ ಒಣಗಿಸಿದ್ದು ಒಂದು ಹಿಡಿ ತೆಗೆದುಕೊಳ್ಳಿ. ಮಕ್ಕಳ ಕೈಯಲ್ಲಿ ಕೊಟ್ಟರೆ ಯಾವುದು ಯಾವುದೆಂದು ಸುಲಭಕ್ಕೆ ಹೇಳಲಾರರು. ಎರಡನ್ನೂ ಒಂದು ಹಗಲು ಒಂದು ರಾತ್ರಿ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಬೇರೆ ಬೇರೆ ಗಂಟು ಕಟ್ಟಿ ಬೆಚ್ಚಗಿನ ಜಾಗದಲ್ಲಿಡಿ. ಎರಡು ಮೂರು ದಿನಕ್ಕೆ ಒಂದು ಗಂಟಿನಲ್ಲಿ ಬಿಳಿ ಮೊಳಕೆ ಮೂತಿ ತೋರಿಸಿರುತ್ತದೆ. ಇನ್ನೊಂದು ಹುಳಿ ವಾಸನೆ ಹೊಡೆಯುತ್ತಿರುತ್ತದೆ. ಇಲ್ಲಿ ಮಣ್ಣೇ ಇಲ್ಲ. ನೀರು, ಬಟ್ಟೆ, ಜಾಗ ಎರಡಕ್ಕೂ ಒಂದೇ. ಬೇಯಿಸಿದ ಕಾಳಿನಲ್ಲಿ ಏನೋ ಸತ್ತಿದೆ. ಸಾಯಬೇಕಾದರೆ ಅದು ಮೊದಲು ಬದುಕಿರಬೇಕು.

ಜೀವ ಇಲ್ಲದ್ದಕ್ಕೆ ಜೀವ ಬರುತ್ತದೆ ಅನ್ನುವ ನಂಬಿಕೆ ಹಳೆಯದು. ಹಲಸಿನ ಹಣ್ಣು ಕೊಳೆತು ಹುಳ ಹುಟ್ಟಿತು ಎಂದು ನಮ್ಮಲ್ಲೂ ಹೇಳುತ್ತೇವೆ. ಯುರೋಪಿನಲ್ಲಿ ಮಾಂಸ ಕೊಳೆತರೆ ಅದೇ ಹುಳವಾಗುತ್ತದೆ ಎಂದು ನಂಬಿದ್ದರು. 1668ರಲ್ಲಿ ಇಟಲಿಯ ವೈದ್ಯ ಫ್ರಾನ್ಸೆಸ್ಕೊ ರೆಡಿ ಮಾಂಸದ ಕೆಲವು ಜಾಡಿಗಳನ್ನು ತೆರೆದಿಟ್ಟ, ಕೆಲವಕ್ಕೆ ತೆಳು ಬಟ್ಟೆ ಕಟ್ಟಿದ. ಬಟ್ಟೆ ಕಟ್ಟಿದ ಜಾಡಿಯ ಮಾಂಸ ಕೊಳೆಯಿತು, ಆದರೆ ಅದರಲ್ಲಿ ಹುಳ ಆಗಲಿಲ್ಲ. ನೊಣ ಬಂದು ಮೊಟ್ಟೆ ಇಟ್ಟರಷ್ಟೇ ಹುಳ. ಕಣ್ಣಿಗೆ ಕಾಣದ ಜೀವಿಗಳ ವಿಷಯದಲ್ಲಿ ಜಗಳ ಇನ್ನೂ ಇನ್ನೂರು ವರ್ಷ ನಡೆಯಿತು. 1860ರ ಹೊತ್ತಿಗೆ ಲೂಯಿ ಪಾಶ್ಚರ್ ಉದ್ದ ಬಾಗಿದ ಕತ್ತಿನ ಗಾಜಿನ ಬುರುಡೆಗಳಲ್ಲಿ ಸಾರು ಕುದಿಸಿಟ್ಟು ಅದನ್ನೂ ಮುಗಿಸಿದ. ಗಾಳಿ ಒಳಗೆ ಹೋಗುತ್ತಿತ್ತು, ಧೂಳು ಬಾಗಿದ ಕತ್ತಿನಲ್ಲೇ ಕೂರುತ್ತಿತ್ತು, ಸಾರು ಕೆಡಲಿಲ್ಲ. ಕತ್ತು ಮುರಿದ ಮೇಲೆ ಕೆಟ್ಟಿತು. ಜೀವದಿಂದಲೇ ಜೀವ. ಮಣ್ಣಿಗೆ ಬಿದ್ದ ಭತ್ತಕ್ಕೂ ಇದೇ ಲೆಕ್ಕ. ತಾಯಿ ಪೈರಿನಿಂದ ಬಂದ ಜೀವ ಎಲ್ಲೂ ತುಂಡಾಗದೆ ಕಾಳಿನೊಳಗೆ ಮುಂದುವರಿಯುತ್ತದೆ.

ಬೀಜ ತಿನ್ನುವುದಿಲ್ಲ, ಉಸಿರಾಡುವುದಿಲ್ಲ ಅನ್ನುತ್ತೀರಿ. ಎರಡನ್ನೂ ಮಾಡುತ್ತದೆ, ನಮಗೆ ಕಾಣದಷ್ಟು ನಿಧಾನವಾಗಿ. ಬೀಜ ಅಂದರೆ ಬುತ್ತಿ ಕಟ್ಟಿಕೊಂಡು ಕೂತ ಒಂದು ಸಣ್ಣ ಸಸಿ. ಸರಿಯಾಗಿ ಒಣಗದ ಭತ್ತವನ್ನು ರಾಶಿ ಹಾಕಿ, ಎರಡು ದಿನ ಬಿಟ್ಟು ಒಳಗೆ ಕೈ ತೂರಿಸಿ. ಬಿಸಿ ತಾಗುತ್ತದೆ. ಕಾಳುಗಳೂ ಅದರ ಮೇಲೆ ಕೂತ ಬೂಸ್ಟೂ ಉಸಿರಾಡಿದ ಬಿಸಿ ಅದು. ರಸ್ತೆ ಬದಿಯ ಜಲ್ಲಿ ರಾಶಿ ನೆರಳಿನಲ್ಲಿ ಕೂತು ಹೀಗೆ ಒಳಗಿಂದ ಬಿಸಿಯಾಗಿದ್ದನ್ನು ಯಾರೂ ನೋಡಿಲ್ಲ.

ಬೀಜ ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಟೆಟ್ರಜೋಲಿಯಂ ಎಂಬ ಲವಣದ ದ್ರಾವಣ ಇರುತ್ತದೆ, ಅದಕ್ಕೆ ಬಣ್ಣವಿಲ್ಲ. ನೆನೆಸಿದ ಕಾಳನ್ನು ಸೀಳಿ ಅದರಲ್ಲಿಟ್ಟರೆ ಕೆಲವು ಗಂಟೆಗಳಲ್ಲಿ ಬದುಕಿರುವ ಭಾಗ ಕೆಂಪಾಗುತ್ತದೆ. ಸತ್ತದ್ದು ಬೆಳ್ಳಗೇ ಉಳಿಯುತ್ತದೆ. ಉಸಿರಾಟದ ಕೆಲಸ ಮಾಡುವ ಕಿಣ್ವಗಳೇ ಆ ಕೆಂಪು ತರುವುದು. ಮೊಳಕೆಗೆ ಕಾಯಬೇಕಾಗಿಯೂ ಇಲ್ಲ.

ಇನ್ನು ಸರ್ಕಾರದ ಲೆಕ್ಕ ನೋಡಿ. 1966ರ ಬೀಜ ಕಾಯ್ದೆಯ ಪ್ರಕಾರ ಬಿತ್ತನೆ ಬೀಜದ ಚೀಲಕ್ಕೆ ಚೀಟಿ ಬೇಕು. ಪ್ರಮಾಣಿತ ಬೀಜವಾದರೆ ನೀಲಿ ಚೀಟಿ. ಅದರಲ್ಲಿ ಮೊಳಕೆ ಪ್ರಮಾಣ, ಪರೀಕ್ಷೆಯ ದಿನಾಂಕ ಎಲ್ಲ ಇರುತ್ತದೆ. ಭತ್ತವಾದರೆ ನೂರಕ್ಕೆ ಕನಿಷ್ಠ 80 ಕಾಳು ಮೊಳೆಯಬೇಕು. ಚೀಟಿಯ ವಾಯಿದೆ 9 ತಿಂಗಳು, ಆಮೇಲೆ ಮತ್ತೆ ಪರೀಕ್ಷೆ. ಕಾಳು ಚೀಲದಲ್ಲೇ ಮುದಿಯಾಗಿ ಸಾಯುತ್ತದೆ ಎಂದು ಕಾಯ್ದೆ ಬರೆದವರಿಗೆ ಗೊತ್ತಿತ್ತು. ಸಿಮೆಂಟ್ ಕೂಡ ಇಟ್ಟಲ್ಲೇ ಗಟ್ಟಿಯಾಗಿ ಹಾಳಾಗುತ್ತದೆ ನಿಜ. ಆದರೆ ಸಿಮೆಂಟ್ ಮೂಟೆ ಮುದಿಯಾಯಿತು ಎಂದು ಯಾರೂ ಅನ್ನುವುದಿಲ್ಲ.

ಎಲ್ಲ ಬೀಜವೂ ಒಂದೇ ಥರ ಬದುಕುವುದಿಲ್ಲ. ಇದು ಮಲೆನಾಡಿನ ಮಕ್ಕಳಿಗೆ ಚೆನ್ನಾಗಿ ಹೇಳಬಹುದಾದ ವಿಷಯ. ಭತ್ತವನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿಟ್ಟರೆ ಒಳ್ಳೆಯದು, ಮುಂದಿನ ಮಳೆಗಾಲದ ತನಕ ನಿಶ್ಚಿಂತೆ. ಅಡಿಕೆ ಹಾಗಲ್ಲ. ಬಿತ್ತನೆಗೆ ಆರಿಸಿದ ಹಣ್ಣು ಗೋಟನ್ನು, ಅಂದರೆ ಸಿಪ್ಪೆ ಸಹಿತ ಅಡಿಕೆಯನ್ನು, ಅಂಗಳದಲ್ಲಿ ಹರಡಿ ಒಣಗಿಸಿದಿರೋ, ಅದು ಚಾಲಿ ಅಡಿಕೆ. ಮಾರುವ ಮಂಡಿಗೆ ಹೋಗುತ್ತದೆ, ಸಸಿ ಮಾಡುವ ಮಡಿಗೆ ಬರುವುದಿಲ್ಲ. ಕೊಯ್ದ ಕೂಡಲೇ ತೊಟ್ಟು ಮೇಲೆ ಮಾಡಿ ಮಡಿಯಲ್ಲಿ ಇಡಬೇಕು, ತೇವ ಆರದಂತೆ ನೋಡಿಕೊಳ್ಳಬೇಕು. ಗೋಟನ್ನು ನೀರಿಗೆ ಹಾಕಿದಾಗ ತೊಟ್ಟು ಮೇಲಾಗಿ ನೆಟ್ಟಗೆ ತೇಲುವುದನ್ನು ನಾವು ಆರಿಸುತ್ತೇವೆ. ಅದರ ಸಸಿ ಜೋರಾಗಿ ಬರುತ್ತದೆ. ಅಡ್ಡ ಬೀಳುವುದನ್ನು ಸುಲಿದು ಬೇರೆ ಮಾಡುತ್ತೇವೆ. ಮಡಿಯಲ್ಲಿಟ್ಟ ಮೇಲೆ ಒಂದೂವರೆ ತಿಂಗಳು ಏನೂ ಕಾಣುವುದಿಲ್ಲ. ಸಸಿ ನೆಡುವ ಪ್ಲಾಸ್ಟಿಕ್ ಕೊಟ್ಟೆಗೆ ಮಣ್ಣು ತುಂಬಲು ಬರುವ ಹೊಸ ಹುಡುಗರು, 'ಇದು ಹೋಯ್ತಾ ಅಕ್ಕ?' ಎಂದು ಕೇಳುವುದು ಆಗಲೇ. ಹೋಗಿರುವುದಿಲ್ಲ. ಒಳಗೆ ಕೆಲಸ ನಡೆದಿರುತ್ತದೆ.

ಹಲಸಿನ ಬೀಜದ್ದೂ ಅಡಿಕೆಯದೇ ಸ್ವಭಾವ, ಒಣಗಿದರೆ ಸಾಯುತ್ತದೆ. ಕೆಮ್ಮಣ್ಣು ಮೆತ್ತಿ ಇಡುವ ಹಳೆಯ ಪದ್ಧತಿ ಮಳೆಗಾಲದ ಸಾರಿಗೆಂದು ಮಾಡಿದ್ದಿರಬಹುದು, ಆದರೆ ಅದರಿಂದ ಬೀಜದ ತೇವವೂ ಉಳಿಯುತ್ತದೆ. ಇನ್ನೊಂದು ತುದಿಯಲ್ಲಿ ಇಸ್ರೇಲಿನ ಮಸಾಡಾ ಕೋಟೆಯ ಖರ್ಜೂರದ ಬೀಜ ಇದೆ. 1960ರ ದಶಕದ ಉತ್ಖನನದಲ್ಲಿ ಸಿಕ್ಕಿದ್ದು, ಸುಮಾರು 2000 ವರ್ಷ ಹಳೆಯದು. 2005ರಲ್ಲಿ ನೆಟ್ಟರು, ಮೊಳೆಯಿತು. ನಿಮ್ಮ ಓದುಗರ ಮಾತಿನಂತೆ ಅದು ಎರಡು ಸಾವಿರ ವರ್ಷ ಕಲ್ಲಿನ ಜತೆ ಕಲ್ಲಾಗಿತ್ತು. ಹಾಗಾದರೆ ಪಕ್ಕದ ಕಲ್ಲು ಯಾಕೆ ಮೊಳೆಯಲಿಲ್ಲ?

ಈಗ ನಮ್ಮ ನರ್ಸರಿಯ ಶೆಡ್ಡಿಗೆ ಬನ್ನಿ. ಅಲ್ಲಿ ಒಂದು ಹಲಗೆಯ ಮೇಲೆ ಎರಡು ಸಾಮಾನು ಇವೆ. ಒಂದು ಮೈಲುತುತ್ತು, ನೀಲಿ ಹರಳು. ಸುಣ್ಣದ ಜತೆ ಸೇರಿಸಿ ಬೋರ್ಡೋ ದ್ರಾವಣ ಮಾಡಿ ಕೊಳೆರೋಗಕ್ಕೆ ಹೊಡೆಯುವುದು ಎಲ್ಲರಿಗೂ ಗೊತ್ತು. ಇನ್ನೊಂದು ಟ್ರೈಕೋಡರ್ಮಾ, ಬೂದಿ ಬಣ್ಣಕ್ಕೆ ಬರುವ ಪುಡಿ. ಮೆಣಸಿನ ಸೊರಗು ರೋಗ ಬಾರದಿರಲಿ ಎಂದು ಸಗಣಿ ಗೊಬ್ಬರ, ಬೇವಿನ ಹಿಂಡಿ ಜತೆ ಕಲಸಿ ಬಳ್ಳಿಯ ಬುಡಕ್ಕೆ ಹಾಕುತ್ತೇವೆ. ಎರಡೂ ರೋಗಕ್ಕೆ ಮದ್ದು. ಎರಡೂ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಬರುತ್ತವೆ. ಎರಡೂ ಅಲ್ಲಾಡುವುದಿಲ್ಲ.

ಪುಡಿ ಬದುಕಿದೆ. ಅದರಲ್ಲಿ ಇರುವುದು ಒಂದು ಜಾತಿಯ ಶಿಲೀಂಧ್ರದ ಬೀಜಕಣಗಳು. ನಿಯಮದ ಪ್ರಕಾರ ಒಂದು ಗ್ರಾಂ ಪುಡಿಯಲ್ಲಿ ಕನಿಷ್ಠ 20 ಲಕ್ಷ ಕಣಗಳು ಬೆಳೆಯುವ ಸ್ಥಿತಿಯಲ್ಲಿ ಇರಬೇಕು. ಬಿಸಿಲಿಗೆ ಇಡಬೇಡಿ, ಇಂಥ ದಿನದೊಳಗೆ ಬಳಸಿ ಎಂದು ಪೊಟ್ಟಣದ ಮೇಲೆ ಬರೆದಿರುತ್ತದೆ. ತೇವದ ಮಣ್ಣು ಸಿಕ್ಕರೆ ಅದು ಎಳೆ ಬಿಟ್ಟು ಹರಡುತ್ತದೆ. ರೋಗ ತರುವ ಶಿಲೀಂಧ್ರದ ಎಳೆಗೆ ಸುತ್ತಿಕೊಂಡು ಅದನ್ನೇ ಕರಗಿಸಿ ತಿನ್ನುತ್ತದೆ. ಮೈಲುತುತ್ತಿನ ನೀರು ಸೋಕಿದರೆ ಸಾಯುತ್ತದೆ. ಅದಕ್ಕೇ ಎರಡನ್ನೂ ಒಟ್ಟಿಗೆ ಹಾಕಬೇಡಿ ಎಂದು ನಾನು ಗಿರಾಕಿಗಳಿಗೆ ಹೇಳುವುದು. ಸತ್ತ ಪುಡಿಗೂ ಬದುಕಿರುವ ಪುಡಿಗೂ ನೋಡಲು ಏನೂ ವ್ಯತ್ಯಾಸ ಇಲ್ಲ, ಬಿಲ್ಲೂ ಒಂದೇ. ಅಂಗಡಿಯ ಬಿಸಿಲು ಬೀಳುವ ಕಿಟಕಿಯಲ್ಲಿ ಬೇಸಿಗೆ ಪೂರ್ತಿ ಕೂತ ಪೊಟ್ಟಣ ಕೊಂಡು, ಔಷಧಿ ಹಿಡಿಯಲಿಲ್ಲ ಎಂದು ಬೈಯುವವರು ಜಾಸ್ತಿ. ಹಿಡಿಯಲು ಅದರಲ್ಲಿ ಯಾರೂ ಉಳಿದಿರುವುದಿಲ್ಲ.

ಮೈಲುತುತ್ತಿಗೆ ಜೀವ ಇಲ್ಲ. ಆದರೆ ಬೆಳೆಯುವುದು ಅದೇ! ಬಿಸಿನೀರಿನಲ್ಲಿ ಜಾಸ್ತಿ ಮೈಲುತುತ್ತು ಕರಗಿಸಿ, ಒಂದು ಹರಳಿಗೆ ದಾರ ಕಟ್ಟಿ ಇಳಿಬಿಟ್ಟರೆ ದಿನದಿಂದ ದಿನಕ್ಕೆ ದೊಡ್ಡದಾಗುತ್ತದೆ, ಅಂಚು ಮೂಲೆ ಎಲ್ಲ ಲಕ್ಷಣವಾಗಿ. ಜೋನಿ ಬೆಲ್ಲದ ಡಬ್ಬದ ತಳದಲ್ಲಿ ಸಕ್ಕರೆ ಹರಳು ಕಟ್ಟುವುದೂ ಹೀಗೆಯೇ. ಬೆಳೆಯುತ್ತದೆ ಎಂಬ ಒಂದೇ ಗುಣ ನೋಡಿದರೆ ಪಟ್ಟಿಯಲ್ಲಿ ಮೈಲುತುತ್ತು ಎಡಕ್ಕೆ, ಟ್ರೈಕೋಡರ್ಮಾ ಬಲಕ್ಕೆ ಹೋಗುತ್ತದೆ. ಹರಳಿಗೆ ಹೊರಗಿನದ್ದು ಹೊರಗಿನಿಂದಲೇ ಅಂಟಿಕೊಳ್ಳುತ್ತದೆ, ಅಂಟಿದ್ದು ಮೈಲುತುತ್ತೇ ಆಗಿರಬೇಕು. ಅಡಿಕೆ ಸಸಿ ಸಗಣಿ ಗೊಬ್ಬರದಿಂದ ಸಗಣಿ ಆಗುವುದಿಲ್ಲ. ಒಳಗೆ ತೆಗೆದುಕೊಂಡು, ಒಡೆದು, ಬೇರೆ ಮಾಡಿ, ಎಲೆ ಬೇರು ಕಟ್ಟಿಕೊಳ್ಳುತ್ತದೆ, ಸವೆದದ್ದನ್ನು ರಿಪೇರಿ ಮಾಡಿಕೊಳ್ಳುತ್ತದೆ. ಹರಳು ಮುರಿದರೆ ಎರಡು ಹರಳು. ಅದಕ್ಕೆ ಸಾಯಲು ಬರುವುದಿಲ್ಲ.

ಹಲಗೆಯ ಕೆಳಗೆ ಯೂರಿಯಾ ಚೀಲ ಇದೆ. ಅದರ ಕತೆಯನ್ನೂ ಮಕ್ಕಳಿಗೆ ಹೇಳಬೇಕು. ಯೂರಿಯಾ ಮೊದಲು ಸಿಕ್ಕಿದ್ದು ಮೂತ್ರದಲ್ಲಿ. ಇಂಥ ವಸ್ತುಗಳನ್ನು ಜೀವಿಯ ದೇಹ ಮಾತ್ರ ಮಾಡಬಲ್ಲದು, ಅದಕ್ಕೆ ಜೀವಶಕ್ತಿ ಬೇಕು ಎಂದು ಪಂಡಿತರು ಹೇಳುತ್ತಿದ್ದರು. 1828ರಲ್ಲಿ ಜರ್ಮನಿಯ ಫ್ರೀಡ್ರಿಕ್ ವೋಲರ್ ಜೀವಿಯ ಸಹಾಯವಿಲ್ಲದೆ ಪ್ರಯೋಗಾಲಯದಲ್ಲೇ ಯೂರಿಯಾ ಮಾಡಿದ. ಹಸುವಿನ ಮೈಯಲ್ಲಿರುವ ಇಂಗಾಲ, ಸಾರಜನಕವೂ ಗಾಳಿ ಕಲ್ಲಿನಲ್ಲಿ ಇರುವಂಥದ್ದೇ. ಜೀವಿ ಮಾಡಲು ಬೇರೆ ಮಾಲು ಇಲ್ಲ. ಅದೇ ಮಾಲು ಸೇರಿ ನಡೆಸುವ ಕೆಲಸ ಬೇರೆ.

ಆ ಕೆಲಸ ನಡೆಯುವ ಜಾಗ ಜೀವಕೋಶ. ನಿಮ್ಮ ಪಟ್ಟಿಯ ವಿವರಣೆಯಲ್ಲಿ ಈ ಒಂದು ಪದ ಎಲ್ಲೂ ಇಲ್ಲ. ಗಿಡಗಳೂ ಪ್ರಾಣಿಗಳೂ ಕೋಶಗಳಿಂದ ಆಗಿವೆ ಎಂದು 1838–39ರಲ್ಲಿ ಶ್ಲೈಡನ್ ಮತ್ತು ಶ್ವಾನ್ ಹೇಳಿದರು. ಕೋಶ ಹುಟ್ಟುವುದು ಇನ್ನೊಂದು ಕೋಶದಿಂದ ಎಂದು 1855ರಲ್ಲಿ ವಿರ್ಕೋವ್ ಒತ್ತಿ ಹೇಳಿದ. ಆದರೆ ಕೋಶ ಇದ್ದ ಮಾತ್ರಕ್ಕೆ ಜೀವ ಇದೆ ಅಂತಲೂ ಅಲ್ಲ. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ಚೂರಿನಲ್ಲಿ ಮೊದಲ ಸಲ ನೋಡಿದ್ದು ಸತ್ತ ಕೋಶಗಳ ಖಾಲಿ ಗೂಡುಗಳನ್ನು. ನಮ್ಮ ಬೇಲಿಗೆ ಅಡಿಕೆ ಮರ ಸೀಳಿ ಹಾಕಿದ ದಬ್ಬೆಯಲ್ಲೂ ಇರುವುದು ಅವೇ.

ಅದಕ್ಕೇ ನಿಮ್ಮ ಪಟ್ಟಿಗೆ ಎರಡು ಅಂಕಣ ಸಾಲದು. ಮರದ ಕುರ್ಚಿಯನ್ನೂ ಕಲ್ಲನ್ನೂ ಒಂದೇ ಕಡೆ ಹಾಕಿದ್ದೀರಿ. ಕುರ್ಚಿಯ ಮರ ಒಂದು ಕಾಲದಲ್ಲಿ ಬದುಕಿ ಸತ್ತದ್ದು. ಕಲ್ಲು ಎಂದೂ ಬದುಕಿರಲೇ ಇಲ್ಲ. ನೆಂಟರು ಬಂದಾಗ ಇಡುವ ಕವಳದ ಹರಿವಾಣ ಮುಂದಿಟ್ಟುಕೊಂಡು ಇದನ್ನು ಹೇಳಬಹುದು. ವೀಳ್ಯದೆಲೆ ಕೊಯ್ದ ಮೇಲೂ ಬದುಕಿರುತ್ತದೆ, ಉಸಿರಾಡುತ್ತಲೇ ನಾಲ್ಕಾರು ದಿನದಲ್ಲಿ ಹಳದಿಯಾಗಿ ಸಾಯುತ್ತದೆ. ಒದ್ದೆ ಬಟ್ಟೆ ಸುತ್ತಿಡುವುದು ಅದರ ಆಯುಸ್ಸು ಹೆಚ್ಚಿಸಲು. ಕೆಂಪಡಿಕೆ ಬೇಯಿಸಿದ್ದು, ಸತ್ತಿದೆ. ಚಿಪ್ಪಿನ ಸುಣ್ಣವಾದರೆ ಜೀವಿಯೊಂದು ಕಟ್ಟಿಕೊಂಡ ಮನೆಯನ್ನು ಸುಟ್ಟು ಮಾಡಿದ್ದು, ಆ ಚಿಪ್ಪಿಗೆ ತನ್ನದೇ ಜೀವ ಎಂದೂ ಇರಲಿಲ್ಲ. ಬಡಿಸಿದ ಹಿತ್ತಾಳೆ ಹರಿವಾಣಕ್ಕೆ ಹುಟ್ಟೂ ಇಲ್ಲ ಸಾವೂ ಇಲ್ಲ. ಅಜ್ಜ ಜಗಿಯುವ ಹೊಗೆಸೊಪ್ಪಿನ ಸುದ್ದಿ ಮುಂದೆ ಬರುತ್ತದೆ.

ಮೆಣಸಿನ ಬಳ್ಳಿ ಇನ್ನೂ ತಮಾಷೆ. ಒಂದು ಬಳ್ಳಿಯನ್ನು ಎರಡು ಮೂರು ಗಂಟು ಬರುವಂತೆ ತುಂಡು ಮಾಡಿ ಕೊಟ್ಟೆಯಲ್ಲಿ ನೆಡುತ್ತೇವೆ. ಬೇರಿಲ್ಲ. ಎಲೆಯನ್ನೂ ಕತ್ತರಿಸಿರುತ್ತೇವೆ. ಸ್ವಲ್ಪ ದಿನ ಅದು ಬೆಳೆಯುವುದಿಲ್ಲ, ಏನೂ ಮಾಡುವುದಿಲ್ಲ. ಆಮೇಲೆ ಗಂಟಿನಲ್ಲಿ ಚಿಗುರು. ಒಂದು ಜೀವಿ ಇದ್ದದ್ದು ಕತ್ತರಿಯಿಂದ ಹತ್ತಾಯಿತು. ಅಡಿಕೆ ಮರದ ಮೇಲೆ ಇದನ್ನು ಮಾಡಲು ಹೋಗಬೇಡಿ. ಅದಕ್ಕೆ ಬೆಳೆಯುವ ಜಾಗ ಇರುವುದು ತಲೆಯ ಸುಳಿ ಒಂದೇ. ಸುಳಿ ಕೊಳೆತರೆ, ಬುಡದಲ್ಲಿ ಬೇರು ಎಷ್ಟು ಗಟ್ಟಿ ಇದ್ದರೂ ಮರ ಹೋಯಿತು.

ವಿವರಣೆಯ ಬೇರೆ ಗುಣಗಳನ್ನೂ ಹೀಗೇ ತಿರುವಿ ನೋಡಬಹುದು. ಶರಾವತಿ ಹರಿಯುತ್ತಾಳೆ, ಜೋಗದಲ್ಲಿ 253 ಮೀಟರ್ ಧುಮುಕುತ್ತಾಳೆ. ಚಲನೆಗೆ ಇದಕ್ಕಿಂತ ಬೇಕೇ? ಒಣ ಎಲೆಯ ದರಗಿಗೆ ಬಿದ್ದ ಬೆಂಕಿ ತಿನ್ನುತ್ತದೆ, ಬೆಳೆಯುತ್ತದೆ, ಆಮ್ಲಜನಕ ಎಳೆದುಕೊಳ್ಳುತ್ತದೆ, ಕಿಡಿ ಹಾರಿಸಿ ಮರಿ ಮಾಡುತ್ತದೆ. ಆರಿದರೆ ಸತ್ತಂತೆ ಅನ್ನಬಹುದು. ಆದರೆ ಬೆಂಕಿಗೆ ಅಪ್ಪ ಅಮ್ಮ ಬೇಡ, ಎರಡು ಕಲ್ಲು ಉಜ್ಜಿದರೂ ಹುಟ್ಟುತ್ತದೆ. ಇತ್ತ ತುಡುವೆ ಗೂಡಿನ ಕೆಲಸಗಾರ ಜೇನುಹುಳಕ್ಕೆ ಸಾಧಾರಣವಾಗಿ ಮರಿ ಮಾಡುವ ಕೆಲಸವೇ ಇಲ್ಲ. ಅದನ್ನು ನಿರ್ಜೀವ ಅಂದವರ ಮೂಗಿನ ಮೇಲೆ ಒಂದನ್ನು ಕೂರಿಸಬೇಕು.

ನಮ್ಮೂರ ಶಾಲೆಯ ಮಕ್ಕಳನ್ನು ಮೇಷ್ಟ್ರು ಒಮ್ಮೆ ನರ್ಸರಿಗೆ ಕರೆದುಕೊಂಡು ಬಂದಿದ್ದರು. ಬೇಲಿಯಾಚೆ ಒಂದು ಹುತ್ತ ಇದೆ. ಅದು ಜೀವಿಯೇ ಎಂದು ಕೇಳಿದೆ. ಪ್ರತಿ ವರ್ಷ ದೊಡ್ಡದಾಗುತ್ತೆ, ಒಳಗೆ ಗಾಳಿ ಆಡುತ್ತೆ, ಒಡೆದರೆ ತಾನೇ ಮುಚ್ಚಿಕೊಳ್ಳುತ್ತೆ, ಆದ್ದರಿಂದ ಜೀವಿ ಎಂದಳು ಒಬ್ಬಳು. 'ಅದು ಗೆದ್ದಲಿನ ಮನೆ ಕಣೇ, ಮುಚ್ಚೋದು ಗೆದ್ದಲು' ಎಂದ ಇನ್ನೊಬ್ಬ. 'ಗೆದ್ದಲೆಲ್ಲ ಹೋದ್ರೆ?' ಎಂದಳು ಹುಡುಗಿ. 'ಮಣ್ಣು ಉಳಿಯುತ್ತೆ.' 'ಹಂಗಾದ್ರೆ ನಿನ್ನ ಮೈಯೊಳಗಿನ ಕೋಶ ಎಲ್ಲ ಹೋದ್ರೆ?' ಹುಡುಗ ಸುಮ್ಮನಾದ. ಮೇಷ್ಟ್ರೂ ಸುಮ್ಮನಾದರು. ನನಗಂತೂ ಹುಡುಗನೇ ಸರಿ ಅನಿಸುತ್ತದೆ, ಆದರೆ ಹುಡುಗಿಯ ಪ್ರಶ್ನೆಗೆ ಪೂರ್ತಿ ಅಂಕ ಕೊಡುತ್ತೇನೆ.

ಸಾಯಬಲ್ಲದೇ ಎಂದು ಕೇಳಿದರೆ ಬಹಳಷ್ಟು ಗೊಂದಲ ಬಿಡುತ್ತದೆ ಅನ್ನುವುದು ನನ್ನ ಅನುಭವ. ಎಲ್ಲವೂ ಬಿಡುವುದಿಲ್ಲ. ನಮ್ಮ ಜಿಲ್ಲೆಗೆ ಇದು ಚೆನ್ನಾಗಿ ಗೊತ್ತಿರಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನಕ್ಕೂ ಜ್ವರ ಬಂತು. ಮಂಗನ ಕಾಯಿಲೆಯ ವೈರಸ್ ಹೊತ್ತು ತಿರುಗುವುದು ರಕ್ತ ಹೀರುವ ಉಣುಗು. ಉಣುಗು ಜೀವಿ, ಮಂಗ ಜೀವಿ, ಸೊಪ್ಪಿಗೆ ಹೋದ ಮನುಷ್ಯ ಜೀವಿ. ನಡುವಿನ ವೈರಸ್? ಅದಕ್ಕೆ ಕೋಶ ಇಲ್ಲ. ಹೊರಗಿದ್ದಾಗ ತಿನ್ನುವುದಿಲ್ಲ, ಉಸಿರಾಡುವುದಿಲ್ಲ, ಬೆಳೆಯುವುದಿಲ್ಲ. ಇನ್ನೊಂದರ ಕೋಶದೊಳಗೆ ಹೊಕ್ಕರೆ ಆ ಕೋಶದಿಂದಲೇ ದುಡಿಸಿಕೊಂಡು ತನ್ನಂಥವೇ ಲೆಕ್ಕವಿಲ್ಲದಷ್ಟು ಮಾಡಿಸುತ್ತದೆ.

ಹೊಗೆಸೊಪ್ಪಿನ ಮಾತು ಇಲ್ಲಿ ಬರುತ್ತದೆ. ಆ ಗಿಡದ ಎಲೆಯಲ್ಲಿ ಮಚ್ಚೆ ತರುವ ವೈರಸ್ಸನ್ನು 1935ರಲ್ಲಿ ಅಮೆರಿಕದ ವೆಂಡೆಲ್ ಸ್ಟ್ಯಾನ್ಲಿ ಹರಳಾಗಿ ಬೇರ್ಪಡಿಸಿದ. ಉಪ್ಪಿನ ಹಾಗೆ ಬಾಟಲಿಯಲ್ಲಿ ಇಡಬಹುದು! ನೀರಲ್ಲಿ ಕದಡಿ ಎಲೆಗೆ ಉಜ್ಜಿದರೆ ಮತ್ತೆ ರೋಗ. 1946ರಲ್ಲಿ ಅವನಿಗೆ ನೊಬೆಲ್ ಪಾಲು ಬಂದದ್ದು ರಸಾಯನಶಾಸ್ತ್ರದಲ್ಲಿ. ಇನ್ನು ಮಂಗನ ಕಾಯಿಲೆಗೆ ಕೆಲ ವರ್ಷಗಳ ಹಿಂದಿನ ತನಕ ಇಲ್ಲಿ ಹಾಕುತ್ತಿದ್ದ ಲಸಿಕೆ, ವೈರಸ್ಸನ್ನು ಫಾರ್ಮಲಿನ್‌ನಲ್ಲಿ ಕೆಡಿಸಿ ಮಾಡಿದ್ದು. ಸತ್ತ ವೈರಸ್ಸಿನ ಲಸಿಕೆ ಎಂದೇ ಜನ ಹೇಳುತ್ತಾರೆ. ಸತ್ತಿತು ಅಂದರೆ ಬದುಕಿತ್ತು ಎಂದಾಯಿತಲ್ಲ? ವಿಜ್ಞಾನಿಗಳಲ್ಲೇ ಕೆಲವರು ಹೌದು ಅನ್ನುತ್ತಾರೆ, ಕೋಶ ಇಲ್ಲದ್ದು ಜೀವಿ ಅಲ್ಲ ಎಂದು ಜಾಸ್ತಿ ಜನ ಅನ್ನುತ್ತಾರೆ. ನನ್ನ ಅಳತೆಗೋಲೂ ಇಲ್ಲಿ ನೆಟ್ಟಗೆ ನಿಲ್ಲುವುದಿಲ್ಲ. ಮಕ್ಕಳಿಗೆ ಈ ಜಗಳವನ್ನು ಜಗಳವಾಗಿಯೇ ತೋರಿಸಿದರೆ ಏನು ತಪ್ಪು?

ದೊಡ್ಡವರೂ ಇದರಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ. 1976ರಲ್ಲಿ ಅಮೆರಿಕದ ಎರಡು ವೈಕಿಂಗ್ ನೌಕೆಗಳು ಮಂಗಳ ಗ್ರಹದಲ್ಲಿ ಇಳಿದವು. ಅಲ್ಲಿನ ಮಣ್ಣಿಗೆ ಪೋಷಕಾಂಶದ ನೀರು ಕೊಟ್ಟು, ಅನಿಲ ಬರುತ್ತದೆಯೇ ಎಂದು ನೋಡಿದರು. ಬಂತು. ಅದೇ ಮಣ್ಣನ್ನು ಮೊದಲು 160 ಡಿಗ್ರಿಗೆ ಕಾಯಿಸಿ ಮತ್ತೆ ಕೊಟ್ಟರು. ಬರಲಿಲ್ಲ. ಬೇಯಿಸಿದ ಭತ್ತದ ಪರೀಕ್ಷೆಯೇ ಅದು, ಕೋಟಿಗಟ್ಟಲೆ ಕಿಲೋಮೀಟರ್ ದೂರದಲ್ಲಿ. ಆದರೆ ಇನ್ನೊಂದು ಉಪಕರಣಕ್ಕೆ ಜೀವಿಯ ಮೈ ಕಟ್ಟುವ ಇಂಗಾಲದ ವಸ್ತು ಸಿಗಲಿಲ್ಲ. ಮಣ್ಣಿನ ರಾಸಾಯನಿಕ ಕ್ರಿಯೆಯೇ ಅನಿಲ ಬಿಟ್ಟಿರಬೇಕು ಎಂದು ಹೆಚ್ಚಿನವರು ತೀರ್ಮಾನಿಸಿದರು. ಒಪ್ಪದವರು ವರ್ಷಗಟ್ಟಲೆ ವಾದ ಮಾಡಿದರು. 1994ರಲ್ಲಿ ನಾಸಾದ ಒಂದು ತಂಡ ಜೀವ ಅಂದರೆ ತನ್ನನ್ನು ತಾನೇ ನಡೆಸಿಕೊಳ್ಳುವ, ಡಾರ್ವಿನ್ ಹೇಳಿದ ರೀತಿಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಬದಲಾಗಬಲ್ಲ ರಾಸಾಯನಿಕ ವ್ಯವಸ್ಥೆ ಎಂದು ಹೇಳಿತು. ಐದನೇ ತರಗತಿಗೆ ಇದು ಭಾರ, ಗೊತ್ತು. ಆದರೆ 'ಮರಿ ಮಾಡುತ್ತವೆ' ಅನ್ನುವುದರ ಜತೆಗೆ, ಮಾಡಿದ ಮರಿ ಅಷ್ಟಿಷ್ಟು ಬೇರೆ ಇರುತ್ತದೆ ಎಂದು ಸೇರಿಸಬಹುದಲ್ಲ? ಒಂದೇ ತಾಯಿ ಮರದ ಗೋಟಿನಿಂದ ಬಂದ ಸಸಿಗಳಲ್ಲಿ ಒಂದು ಗಿಡ್ಡ, ಒಂದು ಉದ್ದ. ನಾವು ಆರಿಸುತ್ತೇವೆ. ಕಾಡಿನಲ್ಲಿ ಮಳೆ, ಬಿಸಿಲು, ರೋಗ ಆರಿಸುತ್ತವೆ.

ಭೂಮಿಯೇ ಜೀವಂತ ತಾಯಿ, ನೀವು ಕಲ್ಲು ಮಣ್ಣಿಗೆ ಜೀವ ಇಲ್ಲ ಅನ್ನುತ್ತೀರಾ ಎಂದು ಯಾರಾದರೂ ಕೇಳಬಹುದು. ನಾವೂ ಭೂಮಿ ಹುಣ್ಣಿಮೆ ಮಾಡುವವರು. ಹೊಡೆ ಬಂದ ಗದ್ದೆಗೆ ಬಸುರಿಯ ಬಯಕೆ ತೀರಿಸುವ ಹಬ್ಬ ಅದು. ಬೆಳಗಿನ ಜಾವ ಬುಟ್ಟಿ ಹೊತ್ತು ಹೋಗಿ ಸೊಪ್ಪಿನ ಅಡುಗೆ ಬೀರಿ ಬರುವಾಗ ನನಗೆ ಟೆಟ್ರಜೋಲಿಯಂ ನೆನಪಾಗುವುದಿಲ್ಲ. ಆ ಮಾತೇ ಬೇರೆ, ಈ ಮಾತೇ ಬೇರೆ. ಅಂದಹಾಗೆ ಮಣ್ಣಿನ ಹರಳು ನಿರ್ಜೀವವಾದರೂ, ತೋಟದ ಒಂದು ಚಮಚ ಒಳ್ಳೆಯ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ಪಟ್ಟಿಯಲ್ಲಿ 'ಮಣ್ಣು' ಎಂದು ಬರೆದು ಬಲಗಡೆ ಹಾಕುವ ಮುಂಚೆ ಯಾವ ಮಣ್ಣು ಎಂದು ಕೇಳಬೇಕಾಗುತ್ತದೆ.

ಹಾಗಾಗಿ ನನ್ನ ವಿನಂತಿ ಇಷ್ಟು. ಮುಂದಿನ ಮಕ್ಕಳ ಪುಟದಲ್ಲಿ ಭತ್ತದ ಕಾಳನ್ನು ಬಲಗಡೆಯಿಂದ ತೆಗೆದಿದ್ದೇವೆ ಎಂದು ಹಾಕಿ. ಪಟ್ಟಿಗೆ ಮೂರು ಅಂಕಣ ಮಾಡಿ: ಬದುಕಿರುವುದು, ಬದುಕಿ ಸತ್ತದ್ದು, ಎಂದೂ ಬದುಕಿರದ್ದು. ಹಸು, ಕಲ್ಲು, ಬಸ್ಸು ಎಂದು ಎಲ್ಲರಿಗೂ ಗೊತ್ತಿರುವುದನ್ನೇ ಕೇಳಬೇಡಿ. ಹೆಪ್ಪು ಹಾಕುವ ಮೊಸರು, ಬಂಡೆಯ ಮೇಲೆ ಬೇಸಿಗೆಯಲ್ಲಿ ಒಣಗಿ ಕಪ್ಪಾದ ಹಾವಸೆ, ಕೊಯ್ದ ವೀಳ್ಯದೆಲೆ, ತಲೆಕೂದಲು, ಅಡಿಕೆ ದಬ್ಬೆ, ಜೋನಿ ಬೆಲ್ಲದ ಹರಳು, ಟ್ರೈಕೋಡರ್ಮಾ ಪುಡಿ, ಹುತ್ತ, ಮಂಗನ ಕಾಯಿಲೆಯ ವೈರಸ್ ಇಂಥವನ್ನು ಕೇಳಿ. ಪ್ರತಿಯೊಂದರ ಮುಂದೆ ಕಾರಣ ಬರೆಯಲು ಎರಡು ಗೆರೆ ಜಾಗ ಬಿಡಿ. ಶಾಲೆಯ ಪರೀಕ್ಷೆಯಲ್ಲೂ ಅಷ್ಟೇ, ಬರೀ ಗುರುತು ಹಾಕಿಸುವ ಬದಲು ಕಾರಣಕ್ಕೆ ಅಂಕ ಕೊಡುವಂತಾಗಲಿ. ಮಕ್ಕಳು ಕಳುಹಿಸಿದ ಉತ್ತರಗಳಲ್ಲಿ ಹುತ್ತದ ಬಗ್ಗೆ ಎರಡು ಪಕ್ಷ ಆಗುವುದು ಖಂಡಿತ. ಎರಡೂ ಕಡೆಯವರ ಕಾರಣವನ್ನು ಪ್ರಕಟಿಸಿ, ಆ ಹುಡುಗಿಯ ಪ್ರಶ್ನೆಗೆ ಯಾರಾದರೂ ಪ್ರಾಧ್ಯಾಪಕರಿಂದ ಉತ್ತರ ಬರೆಸಿ ಕೊಡಿ. ನಮ್ಮ ಮೇಷ್ಟ್ರೂ ಕಾಯುತ್ತಿದ್ದಾರೆ.

— ಅಡಿಕೆ ಸಸಿ ಮಾರುವ ಓದುಗಿತ್ತಿ, ಹೊಸನಗರ ತಾಲ್ಲೂಕು